ಕತೆಯ ಬಾಲದಿಂದ ‘ಅಂತೆ’ ಕಳಚಿ ಬಿದ್ದಾಗ

ತಾಜ್ ಮಹಲ್ ಕಟ್ಟಿ ಮುಗಿದ ಮೇಲೆ ಷಹಜಹಾನ್ ಅದನ್ನು ಕಟ್ಟಿದವರ ಕೈ ಕಡಿಸಿದ. ಅಂಥ ಕಟ್ಟಡ ಇನ್ನೆಲ್ಲೂ ಏಳಬಾರದು ಅಂತ.

ಈ ಕತೆ ಕೇಳದವರು ಯಾರಿದ್ದಾರೆ? ನಾನು ಕೇಳಿದಾಗ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ. ಅವತ್ತು ರಾತ್ರಿ ನನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಮಲಗಿದ್ದು ಇನ್ನೂ ನೆನಪಿದೆ. ಆಮೇಲೆ ಎಷ್ಟೋ ವರ್ಷ ಅದನ್ನು ಬೇರೆಯವರಿಗೆ ನಾನೇ ಹೇಳಿದ್ದೇನೆ. ಇದು ಎಲ್ಲಿ ಬರೆದಿದೆ, ಯಾರು ಕಂಡರು ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಕೇಳಿಕೊಂಡಿದ್ದರೆ ಕತೆ ಬೇಗನೆ ಅಲುಗಾಡುತ್ತಿತ್ತು. ತಾಜ್ ಕೆಲಸ ಶುರುವಾದದ್ದು 1632ರಲ್ಲಿ. ಷಹಜಹಾನನ ಆಸ್ಥಾನದ ಬರಹಗಾರರು ಅದರ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾರೆ. ಅವರು ದೊರೆಯ ಅನ್ನ ತಿನ್ನುವವರು, ಕೆಟ್ಟದ್ದನ್ನು ಮುಚ್ಚಿಟ್ಟಿರಬಹುದು ಅನ್ನೋಣ. ಆದರೆ ತಾವೆರ್ನಿಯೆ ಎಂಬ ಫ್ರೆಂಚ್ ವಜ್ರದ ವ್ಯಾಪಾರಿಗೆ ಅಂಥ ಹಂಗೇನೂ ಇರಲಿಲ್ಲ. ತಾಜ್ ಕಟ್ಟಲು 20,000 ಜನ 22 ವರ್ಷ ದುಡಿದರು ಅಂತ ಅವನು ಬರೆದ. ಷಹಜಹಾನ್ ನದಿಯಾಚೆ ತನಗಾಗಿ ಇನ್ನೊಂದು ಗೋರಿ ಕಟ್ಟಲು ಹೊರಟಿದ್ದ ಅಂತಲೂ ಬರೆದ. ‘ಕಪ್ಪು ತಾಜ್’ ಕತೆ ಬೆಳೆದದ್ದು ಅಲ್ಲಿಂದಲೇ. ಇಂಥ ರೋಚಕ ಸುದ್ದಿ ಬಿಡದವನು ಕೈ ಕಡಿದ ಸುದ್ದಿ ಸಿಕ್ಕಿದ್ದರೆ ಬಿಡುತ್ತಿದ್ದನೇ? ಅವನ ಬರಹದಲ್ಲಿ ಅದಿಲ್ಲ.

ಇನ್ನೊಂದು ಮಾತು. ತಾಜ್ ಕೆಲಸ ನಡೆಯುತ್ತಿರುವಾಗಲೇ, 1639ರಲ್ಲಿ, ಅದೇ ದೊರೆ ದೆಹಲಿಯಲ್ಲಿ ಹೊಸ ನಗರಕ್ಕೂ ಕೆಂಪು ಕೋಟೆಗೂ ಅಡಿಪಾಯ ಹಾಕಿಸಿದ. ತಾಜ್‌ನ ಮುಖ್ಯ ಶಿಲ್ಪಿ ಎಂದು ಹೇಳಲಾಗುವ ಉಸ್ತಾದ್ ಅಹ್ಮದ್ ಲಾಹೋರಿಯ ಹೆಸರು ಕೆಂಪು ಕೋಟೆಯ ಜೊತೆಗೂ ಬರುತ್ತದೆ. ಒಂದರ ಮೇಲೊಂದು ಕಟ್ಟಿಸುತ್ತಲೇ ಇದ್ದ ದೊರೆಗೆ ನುರಿತ ಕೈಗಳು ಇನ್ನೂ ಬೇಕಿದ್ದವು.

ಈಗ ಮಾಸ್ಕೋಗೆ ಬನ್ನಿ. ಅಲ್ಲಿನ ಬಣ್ಣಬಣ್ಣದ ಗುಮ್ಮಟಗಳ ಸೇಂಟ್ ಬೆಸಿಲ್ ಚರ್ಚನ್ನು 1555ರಿಂದ 1561ರ ನಡುವೆ ಕಟ್ಟಿಸಿದವನು ನಾಲ್ಕನೇ ಇವಾನ್. ಕ್ರೌರ್ಯಕ್ಕೆ ಹೆಸರಾದ ದೊರೆ. ಚರ್ಚು ಮುಗಿದ ಮೇಲೆ, ಅಂಥದ್ದು ಇನ್ನೊಂದು ಆಗಬಾರದೆಂದು, ಶಿಲ್ಪಿಯ ಕಣ್ಣು ಕೀಳಿಸಿದ ಅಂತ ಕತೆ. ಆ ಶಿಲ್ಪಿ ಎಂದು ಹೆಸರಿಸುವ ಪೋಸ್ಟ್‌ನಿಕ್ ಯಾಕೊವ್ಲೆವ್ ಆಮೇಲೆ ಕಜಾನ್ ಕೋಟೆಯ ಕೆಲಸದಲ್ಲೂ ಕಾಣಿಸಿಕೊಳ್ಳುತ್ತಾನೆ. ಪ್ರಾಗ್ ನಗರಕ್ಕೆ ಹೋದರೆ ಅಲ್ಲಿನ ಹಳೆಯ ಖಗೋಳ ಗಡಿಯಾರದ ಮುಂದೆ ಮತ್ತದೇ ಕತೆ. ಅದನ್ನು ಮಾಡಿದ ಹನುಷ್ ಎಂಬವನ ಕಣ್ಣನ್ನು ನಗರದ ಹಿರಿಯರೇ ತೆಗೆಸಿದರು ಅಂತ. ಆದರೆ ಗಡಿಯಾರ 1410ರದ್ದು. ಆ ಕಾಲದ ದಾಖಲೆಯಲ್ಲಿ ಅದನ್ನು ಮಾಡಿದವನ ಹೆಸರು ಮಿಕುಲಾಶ್.

ಊರು ಮೂರು, ಕತೆ ಒಂದೇ. ಒಂದು ಕಡೆ ಕೈ, ಇನ್ನೆರಡು ಕಡೆ ಕಣ್ಣು. ಅಂದರೆ ಇದು ಷಹಜಹಾನನ ಕತೆಯೂ ಅಲ್ಲ, ಇವಾನನ ಕತೆಯೂ ಅಲ್ಲ. ಇದೊಂದು ಅಚ್ಚು. ಎಲ್ಲಿ ಕಣ್ಣು ಕೋರೈಸುವ ಕಟ್ಟಡ ಇದೆಯೋ, ಎಲ್ಲಿ ಬಲಶಾಲಿ ದೊರೆಯ ಮೇಲೆ ಜನರಿಗೆ ಭಯ ಇದೆಯೋ, ಅಲ್ಲಿ ಅಚ್ಚಿಗೆ ಹೊಸ ಹೆಸರು ಹೊಯ್ದರೆ ಆಯಿತು. ಒಂದೇ ಕತೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರು ಹೊತ್ತು ತಿರುಗುತ್ತಿದ್ದರೆ ಅನುಮಾನ ಪಡಬೇಕು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮೊದಲ ಗುರುತಿಲ್ಲ.

ಕನ್ನಡದಲ್ಲಿ ಇದಕ್ಕೆಂದೇ ಒಂದು ಒಳ್ಳೆಯ ಸಲಕರಣೆ ಇದೆ. ‘ಕೈ ಕಡಿಸಿದ’ ಅಂದರೆ ಆ ಮಾತಿಗೆ ಹೇಳಿದವನೇ ಹೊಣೆ. ‘ಕೈ ಕಡಿಸಿದನಂತೆ’ ಅಂದರೆ, ಯಾರೋ ಹೇಳಿದರು, ನಾನು ಕಂಡಿಲ್ಲ. ಬಾಲಕ್ಕೆ ಒಂದು ಪುಟ್ಟ ‘ಅಂತೆ’ ಸೇರಿಸಿದರೆ ಸಾಕು, ಕಂಡದ್ದು ಬೇರೆ, ಕೇಳಿದ್ದು ಬೇರೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಸುಳ್ಳಿನ ಹೊಳೆಯನ್ನು ‘ಅಂತೆಕಂತೆ’ ಅಂತ ಕರೆಯುವುದೂ ಅದಕ್ಕೇ. ತೊಂದರೆ ಏನೆಂದರೆ, ಕತೆ ಬಾಯಿಂದ ಬಾಯಿಗೆ ದಾಟುವಾಗ ಮೊದಲು ಉದುರುವುದು ಈ ‘ಅಂತೆ’ಯೇ. ಈ ಲೇಖನದ ಮೊದಲ ಸಾಲನ್ನೇ ನೋಡಿ. ‘ಕಡಿಸಿದ’ ಅಂತಲೇ ಬರೆದಿದ್ದೇನೆ. ಓದುವಾಗ ನಿಮಗೆ ಅದು ಎಲ್ಲೂ ತಡೆಯಲಿಲ್ಲ, ಅಲ್ವಾ?

ಐತಿಹಾಸಿಕ ಮಿಥ್ಯೆ ಎಂದರೆ ನನ್ನ ಪ್ರಕಾರ ಇಷ್ಟೇ: ‘ಅಂತೆ’ ಕಳಚಿಕೊಂಡ ಕತೆ. ಅದನ್ನು ಹಿಡಿಯಲು ‘ಇದು ನಿಜವೋ ಸುಳ್ಳೋ’ ಎಂಬ ಪ್ರಶ್ನೆಗಿಂತ ‘ಇದನ್ನು ಮೊದಲು ಯಾರು, ಯಾವಾಗ ಹೇಳಿದರು’ ಎಂಬ ಪ್ರಶ್ನೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇದನ್ನು ಒಂದು ಪ್ರಸಿದ್ಧ ಕತೆಯ ಮೇಲೆ ಪ್ರಯೋಗಿಸಿ ನೋಡೋಣ. ಜನರಿಗೆ ತಿನ್ನಲು ಬ್ರೆಡ್ ಇಲ್ಲ ಅಂದಾಗ ಫ್ರಾನ್ಸಿನ ರಾಣಿ ಮೇರಿ ಅಂತೋನೆತ್ ‘ಹಾಗಾದರೆ ಕೇಕ್ ತಿನ್ನಲಿ’ ಅಂದಳು. ಮೊದಲು ಹೇಳಿದ್ದು ಯಾರು? ಚಿಂತಕ ರೂಸೋ ತನ್ನ ಆತ್ಮಕಥೆಯಲ್ಲಿ ಇಂಥದೊಂದು ಮಾತನ್ನು ‘ಒಬ್ಬ ದೊಡ್ಡ ರಾಜಕುಮಾರಿ’ಯ ಬಾಯಲ್ಲಿ ಹಾಕಿದ್ದಾನೆ. ಹೆಸರು ಹೇಳಿಲ್ಲ. ಅಲ್ಲಿರುವುದು ಕೇಕ್ ಕೂಡ ಅಲ್ಲ, ಬ್ರಿಯೋಶ್ ಎಂಬ, ಬೆಣ್ಣೆ ಮೊಟ್ಟೆ ಹಾಕಿದ ಬ್ರೆಡ್. ಆ ಭಾಗ ಬರೆದದ್ದು 1760ರ ದಶಕದಲ್ಲಿ. 1755ರಲ್ಲಿ ಹುಟ್ಟಿದ ಮೇರಿ ಆಗಿನ್ನೂ ಆಸ್ಟ್ರಿಯಾದಲ್ಲಿದ್ದ ಚಿಕ್ಕ ಹುಡುಗಿ. ಅವಳು ಮದುವೆಯಾಗಿ ಫ್ರಾನ್ಸಿಗೆ ಬಂದದ್ದು 1770ರಲ್ಲಿ. ಅಂದರೆ ಮಾತು ಮೊದಲೇ ತಯಾರಾಗಿತ್ತು, ಅದಕ್ಕೆ ತಕ್ಕ ಬಾಯಿ ಆಮೇಲೆ ಸಿಕ್ಕಿತು.

ಇನ್ನೂ ಹಿಂದೆ ಹೋದರೆ ಚೀನಾದಲ್ಲೂ ಇದೇ ಸಿಗುತ್ತದೆ. 290ರಿಂದ 307ರವರೆಗೆ ಆಳಿದ ಜಿನ್ ವಂಶದ ದೊರೆ ಹುಯಿಗೆ, ಜನ ಧಾನ್ಯವಿಲ್ಲದೆ ಹಸಿವಿನಿಂದ ಸಾಯುತ್ತಿದ್ದಾರೆ ಅಂತ ಹೇಳಿದರಂತೆ. ‘ಮಾಂಸದ ಗಂಜಿ ಯಾಕೆ ಕುಡಿಯಬಾರದು?’ ಅಂದನಂತೆ. ಅದನ್ನು ದಾಖಲಿಸಿದ ಇತಿಹಾಸ ಸಿದ್ಧವಾದದ್ದು 7ನೇ ಶತಮಾನದಲ್ಲಿ. ಹಾಗಾಗಿ ಇಲ್ಲೂ ಎರಡು ‘ಅಂತೆ’ ಉಳಿಸಿಕೊಂಡೇ ಹೇಳುತ್ತಿದ್ದೇನೆ.

ಹಾಗಾದರೆ ನಿಜಾಂಶ ಎಂದರೇನು? ಮೇರಿ ಅಂತೋನೆತ್‌ಳನ್ನೇ ಇಟ್ಟುಕೊಂಡು ನೋಡಿ. 1793ರ ಅಕ್ಟೋಬರ್ 16ರಂದು ಅವಳ ತಲೆ ಕಡಿದರು. ಇದು ನಿಜಾಂಶ. ವಿಚಾರಣೆಯ ಕಡತ ಇದೆ, ಕಣ್ಣಾರೆ ಕಂಡವರಿದ್ದಾರೆ, ಅವಳನ್ನು ಪ್ರೀತಿಸಿದವರೂ ದ್ವೇಷಿಸಿದವರೂ ಒಪ್ಪುತ್ತಾರೆ. ‘ಅವಳಿಗೆ ಜನರ ಕಷ್ಟ ಅರ್ಥವಾಗುತ್ತಿರಲಿಲ್ಲ’ ಎಂಬುದು ವ್ಯಾಖ್ಯಾನ. ಅವಳ ಖರ್ಚು, ಅವಳ ಪತ್ರಗಳು, ಅವಳ ನಡವಳಿಕೆ ಎಲ್ಲ ನೋಡಿ ಬಲ್ಲವರು ಅದರ ಬಗ್ಗೆ ಇವತ್ತಿಗೂ ವಾದ ಮಾಡಬಹುದು. ‘ಕೇಕ್ ತಿನ್ನಲಿ ಅಂದಳು’ ಎಂಬುದು ಮಿಥ್ಯೆ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿದಾಗಲೇ ‘ಇತಿಹಾಸದಲ್ಲಿ ಎಲ್ಲವೂ ಅವರವರ ಅಭಿಪ್ರಾಯ’ ಎಂಬ ಮಾತು ಹುಟ್ಟುವುದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಅಕ್ಟೋಬರ್ 16 ಯಾರ ಅಭಿಪ್ರಾಯವೂ ಅಲ್ಲ.

ಮತ್ತೆ ಆ ಕೇಕ್ ಯಾಕೆ ಹೋಗುತ್ತಿಲ್ಲ? ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ಹೇಳಲು ಹೊರಡಿ. ಯುದ್ಧಗಳಿಗಾಗಿ ಮಾಡಿದ ಸಾಲ, ಬಡವರ ಮೇಲೇ ಬೀಳುವ ತೆರಿಗೆ, 1788ರ ಕೆಟ್ಟ ಬೆಳೆ, ಏರಿದ ಬ್ರೆಡ್ ಬೆಲೆ. ಕಾಲು ಗಂಟೆ ಬೇಕು, ಕೇಳುವವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ. ಕೇಕ್ ಕತೆ ಅದನ್ನೆಲ್ಲ ಒಂದು ವಾಕ್ಯದಲ್ಲಿ ಕಟ್ಟಿಕೊಡುತ್ತದೆ. ಹಸಿದವರು, ಹೊಟ್ಟೆ ತುಂಬಿದವಳು, ಅಷ್ಟೇ. ನಿಜಾಂಶ ಯಾವಾಗಲೂ ಉದ್ದ, ಕತೆ ಗಿಡ್ಡ. ನೆನಪಿಗೆ ಗಿಡ್ಡದ್ದೇ ಹಗುರ.

ನೆನಪಿನ ವಿಷಯ ಬಂದಿತು ಅಂತ ಹೇಳುತ್ತೇನೆ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಅವರು ಇಂಗ್ಲೆಂಡಿನ ಜನರಿಗೆ ಓದಿಸಿದರು. ಆಮೇಲೆ ನೆನಪಿನಿಂದ ಮತ್ತೆ ಮತ್ತೆ ಬರೆಸಿದರು. ಕತೆಯಲ್ಲಿ ಇಬ್ಬರು ಯುವಕರು ನದಿಗೆ ಸೀಲ್ ಬೇಟೆಗೆ ಹೋಗುತ್ತಾರೆ, ಅಲ್ಲಿಗೆ ಕ್ಯಾನೂಗಳು ಬರುತ್ತವೆ. ಓದಿದವರ ನೆನಪಿನಲ್ಲಿ ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಕ್ಯಾನೂ ಮಾಮೂಲಿ ದೋಣಿಯಾಯಿತು. ಅರ್ಥವಾಗದ ಭಾಗಗಳು ಬಿದ್ದುಹೋದವು. ಯಾರೂ ಸುಳ್ಳು ಹೇಳಲು ಹೊರಟಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಅಚ್ಚಿಗೆ ತಂದುಕೊಂಡರು, ಅಷ್ಟೇ. ಹೆಸರಿಲ್ಲದ ರಾಜಕುಮಾರಿ ಮೇರಿ ಅಂತೋನೆತ್ ಆದದ್ದೂ, ಬ್ರಿಯೋಶ್ ಕೇಕ್ ಆದದ್ದೂ ಹೀಗೇ.

ಇದರ ಮೇಲೆ ಪುನರಾವರ್ತನೆಯ ಬಲ ಬೇರೆ. 1977ರಲ್ಲಿ ಹ್ಯಾಶರ್, ಗೋಲ್ಡ್‌ಸ್ಟೈನ್, ಟೊಪ್ಪಿನೊ ಎಂಬ ಮೂವರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮುಂದೆ ಸಾಮಾನ್ಯ ಜ್ಞಾನದ ಹೇಳಿಕೆಗಳನ್ನು ಇಟ್ಟರು. ಕೆಲವು ನಿಜ, ಕೆಲವು ಸುಳ್ಳು. ಎರಡೆರಡು ವಾರ ಬಿಟ್ಟು ಮೂರು ಸಲ ಇದನ್ನು ಮಾಡಿದರು, ಕೆಲವು ಹೇಳಿಕೆಗಳನ್ನು ಮಾತ್ರ ಪ್ರತಿ ಸಲವೂ ಸೇರಿಸಿದರು. ಮತ್ತೆ ಮತ್ತೆ ಕಂಡ ಹೇಳಿಕೆಗಳ ಮೇಲೆ ನಂಬಿಕೆ ಏರುತ್ತಾ ಹೋಯಿತು. ನಿಜವಾಗಿದ್ದರೂ ಏರಿತು, ಸುಳ್ಳಾಗಿದ್ದರೂ ಏರಿತು. ‘ಇದನ್ನು ಎಲ್ಲೋ ಕೇಳಿದ್ದೇನೆ’ ಎಂಬುದು ಮನಸ್ಸಿನೊಳಗೆ ಸದ್ದಿಲ್ಲದೆ ‘ಇದು ನಿಜ’ ಅಂತ ಆಗಿಬಿಡುತ್ತದೆ.

ಕೆಲವು ಮಿಥ್ಯೆಗಳ ಹುಟ್ಟಂತೂ ಬರೀ ಅಳತೆಯ ಗೊಂದಲ. ನೆಪೋಲಿಯನ್ ಕುಳ್ಳ ಅಂತ ಎಲ್ಲರಿಗೂ ಗೊತ್ತು. ಅವನ ಎತ್ತರ ಸುಮಾರು 5 ಅಡಿ 2 ಇಂಚು ಅಂತ ದಾಖಲೆ ಇರುವುದು ನಿಜ. ಆದರೆ ಅದು ಹಳೆಯ ಫ್ರೆಂಚ್ ಇಂಚು. ಒಂದು ಫ್ರೆಂಚ್ ಇಂಚು ಎಂದರೆ ಸುಮಾರು 2.7 ಸೆಂಟಿಮೀಟರ್. ಇಂಗ್ಲಿಷ್ ಇಂಚು 2.54. ಲೆಕ್ಕ ಹಾಕಿ ನೋಡಿ. 62 ಇಂಗ್ಲಿಷ್ ಇಂಚು ಅಂದರೆ 157 ಸೆಂಟಿಮೀಟರ್ ಚಿಲ್ಲರೆ. 62 ಫ್ರೆಂಚ್ ಇಂಚು ಅಂದರೆ ಸುಮಾರು 168. ಆ ಕಾಲದ ಫ್ರೆಂಚ್ ಗಂಡಸರ ನಡುವೆ ನಿಂತರೆ ಅವನು ಕುಳ್ಳನಾಗಿ ಕಾಣುತ್ತಿರಲಿಲ್ಲ. ಜೊತೆಗೆ ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅವನನ್ನು ದೊಡ್ಡ ಟೋಪಿಯೊಳಗೆ ಮುಳುಗಿದ, ಸಿಟ್ಟಿನ ಪುಟಾಣಿಯಾಗಿ ಬರೆದು ಬರೆದು ಹಂಚಿದ. ಶತ್ರುವನ್ನು ಕುಳ್ಳನನ್ನಾಗಿ ನೋಡುವುದು ಬ್ರಿಟಿಷರಿಗೆ ಹಿತವಾಗಿತ್ತು. ಹಿತವಾದದ್ದು ಉಳಿಯಿತು.

ಹಿತ ಅನ್ನುವುದು ಇಲ್ಲಿ ದೊಡ್ಡ ಮಾತು. ಮಿಥ್ಯೆ ಯಾರಿಗಾದರೂ ಕೆಲಸ ಮಾಡಿಕೊಡುತ್ತಿರುತ್ತದೆ. ಜಾರ್ಜ್ ವಾಷಿಂಗ್ಟನ್ ಹುಡುಗನಾಗಿದ್ದಾಗ ಅಪ್ಪನ ಚೆರ್ರಿ ಮರಕ್ಕೆ ಕೊಡಲಿ ಹಾಕಿ, ‘ನಾನು ಸುಳ್ಳು ಹೇಳಲಾರೆ’ ಅಂತ ಒಪ್ಪಿಕೊಂಡ ಕತೆ ಮೊದಲು ಕಾಣಿಸಿಕೊಂಡದ್ದು ವೀಮ್ಸ್ ಎಂಬಾತ ಬರೆದ ಜೀವನಚರಿತ್ರೆಯ 1806ರ ಆವೃತ್ತಿಯಲ್ಲಿ. ವಾಷಿಂಗ್ಟನ್ ತೀರಿಕೊಂಡಿದ್ದು 1799ರಲ್ಲಿ. ಹೊಸ ದೇಶಕ್ಕೆ ಕಳಂಕವಿಲ್ಲದ ಒಬ್ಬ ತಂದೆ ಬೇಕಿದ್ದ, ಕತೆ ಅವನನ್ನು ಕೊಟ್ಟಿತು.

ಕೊಲಂಬಸ್ ಕತೆಯೂ ಹಾಗೆಯೇ. ಭೂಮಿ ಚಪ್ಪಟೆ ಅಂತ ಎಲ್ಲರೂ ನಂಬಿದ್ದರು, ಅವನೊಬ್ಬ ಗುಂಡಗಿದೆ ಅಂತ ಹೊರಟ ಅಂತ ಹೇಳುತ್ತಾರೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ನೆರಳಿನ ಲೆಕ್ಕದಿಂದ ಭೂಮಿಯ ಸುತ್ತಳತೆ ಅಂದಾಜು ಮಾಡಿದ್ದ. 499ರ ಹೊತ್ತಿಗೆ ಆರ್ಯಭಟ, ಕದಂಬ ಹೂವಿನ ಗುಂಡಿನ ಸುತ್ತ ಎಸಳು ತುಂಬಿರುವ ಹಾಗೆ ಭೂಗೋಳದ ಸುತ್ತ ಜೀವಿಗಳಿವೆ ಅಂತ ಬರೆದಿದ್ದ. (ಎಷ್ಟು ಚೆಂದದ ಹೋಲಿಕೆ ಅದು. ಕದಂಬ ಹೂ ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದೇ ಕ್ಷಣದಲ್ಲಿ ಭೂಮಿ ಅರ್ಥವಾಗುತ್ತದೆ.) ಕೊಲಂಬಸ್‌ನ ಜೊತೆ ಪಂಡಿತರು ವಾದಿಸಿದ್ದು ಭೂಮಿಯ ಆಕಾರದ ಬಗ್ಗೆ ಅಲ್ಲ, ದೂರದ ಬಗ್ಗೆ. ಆ ವಾದದಲ್ಲಿ ಸರಿ ಇದ್ದವರು ಪಂಡಿತರೇ. ಅವನು ಭೂಮಿಯನ್ನು ತೀರಾ ಚಿಕ್ಕದೆಂದು ಲೆಕ್ಕ ಹಾಕಿದ್ದ. ಚಪ್ಪಟೆ ಭೂಮಿಯ ಕತೆಯನ್ನು ಜನಪ್ರಿಯ ಮಾಡಿದ್ದು ವಾಷಿಂಗ್ಟನ್ ಇರ್ವಿಂಗ್ ಎಂಬ ಅಮೆರಿಕದ ಲೇಖಕ 1828ರಲ್ಲಿ ಬರೆದ ಕೊಲಂಬಸ್ ಚರಿತ್ರೆ. ಹಿಂದಿನವರು ದಡ್ಡರು, ನಾವು ಜಾಣರು ಅಂತ ಅನ್ನಿಸಿದರೆ ಯಾರಿಗೆ ಖುಷಿಯಾಗುವುದಿಲ್ಲ? ಈ ಕತೆ ನಮ್ಮ ಬೆನ್ನು ತಟ್ಟುತ್ತದೆ, ಅದಕ್ಕೇ ಅದನ್ನು ಬಿಡಲು ಮನಸ್ಸಿಲ್ಲ.

ಕೆಲವೊಮ್ಮೆ ಆ ‘ಕೆಲಸ’ ಸಾಮ್ರಾಜ್ಯದಷ್ಟು ದೊಡ್ಡದು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ರೋಮ್ ನಗರವನ್ನೂ ಪಶ್ಚಿಮದ ನಾಡುಗಳನ್ನೂ ಪೋಪ್‌ಗೆ ಬಿಟ್ಟುಕೊಟ್ಟ ಅಂತ ಹೇಳುವ ಒಂದು ದಾನಪತ್ರ ಇತ್ತು. ಪೋಪ್‌ಗಳು ತಮ್ಮ ಅಧಿಕಾರಕ್ಕೆ ಅದನ್ನು ಶತಮಾನಗಳ ಕಾಲ ಆಧಾರವಾಗಿ ತೋರಿಸಿದರು. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ಇಟಲಿಯ ವಿದ್ವಾಂಸ ಆ ಪತ್ರವನ್ನು ಮುಂದಿಟ್ಟುಕೊಂಡು ಪದ ಪದವನ್ನೂ ಹಿಡಿದು ಜಗ್ಗಿದ. ಅದರಲ್ಲಿ ‘ಸತ್ರಪ’ ಎಂಬ ಮಾತು ಬರುತ್ತದೆ. ಅದು ಪರ್ಷಿಯಾದ ಪ್ರಾಂತ್ಯಾಧಿಕಾರಿಯ ಹೆಸರು, ರೋಮಿನ ಆಡಳಿತದಲ್ಲಿ ಆಗ ಅದಕ್ಕೇನು ಕೆಲಸ? ಕಾನ್‌ಸ್ಟಾಂಟಿನೋಪಲ್ ನಗರದ ಹೆಸರೂ ಬರುತ್ತದೆ. ಪತ್ರ ಹುಟ್ಟಿತೆಂದು ಹೇಳುವ ಹೊತ್ತಿಗೆ ಆ ಹೆಸರಿನ ನಗರವೇ ಇರಲಿಲ್ಲ. ಲ್ಯಾಟಿನ್ ಭಾಷೆಯೂ ಆ ಕಾಲದ್ದಲ್ಲ. ಅದು 8ನೇ ಶತಮಾನದ ಸುಮಾರಿಗೆ ಹುಟ್ಟಿದ ನಕಲಿ ಪತ್ರ ಅಂತ ಇವತ್ತು ಎಲ್ಲ ಇತಿಹಾಸಕಾರರೂ ಒಪ್ಪುತ್ತಾರೆ.

ಇಲ್ಲಿ ಒಂದು ಸಂಗತಿ ನನ್ನನ್ನು ತುಂಬಾ ಹಿಡಿದು ನಿಲ್ಲಿಸುತ್ತದೆ. ವಲ್ಲಾ ಆಗ ಇದ್ದದ್ದು ಅರಗಾನಿನ ದೊರೆ ಅಲ್ಫೊನ್ಸೊನ ಆಶ್ರಯದಲ್ಲಿ. ಆ ದೊರೆಗೂ ಪೋಪ್‌ಗೂ ಜಗಳ ನಡೆಯುತ್ತಿತ್ತು. ಅಂದರೆ ವಲ್ಲಾನಿಗೂ ಸ್ವಂತ ಕಾರಣ ಇತ್ತು. ಆದರೂ ಅವನ ವಾದ ಬೀಳಲಿಲ್ಲ. ಯಾಕೆಂದರೆ ಅದು ಅವನನ್ನು ನಂಬಿ ಅಂತ ಕೇಳುತ್ತಿರಲಿಲ್ಲ. ‘ಸತ್ರಪ’ ಎಂಬ ಪದ ಅಲ್ಲಿದೆಯೋ ಇಲ್ಲವೋ, ಯಾರು ಬೇಕಾದರೂ ಹೋಗಿ ನೋಡಬಹುದಿತ್ತು, ಪೋಪ್‌ನ ಕಡೆಯವರೂ ನೋಡಬಹುದಿತ್ತು. ಹೇಳಿದವನು ಯಾರೇ ಆಗಿರಲಿ, ನಿಜಾಂಶಕ್ಕೆ ಬೇರೆಯವರೂ ನಡೆದು ಹೋಗಿ ನೋಡುವ ದಾರಿ ಇರುತ್ತದೆ. ಮಿಥ್ಯೆಗೆ ಆ ದಾರಿ ಇರುವುದಿಲ್ಲ. ಹಿಂದೆ ಹಿಂದೆ ಹೋದಂತೆ ‘ಎಲ್ಲರೂ ಹೇಳುತ್ತಾರೆ’ ಎಂಬ ಗೋಡೆ ಎದುರಾಗುತ್ತದೆ.

ಹಾಗಂತ ಬರೆದಿಟ್ಟದ್ದೆಲ್ಲ ನಿಜ, ಬಾಯಿಮಾತೆಲ್ಲ ಸುಳ್ಳು ಅಂದುಕೊಂಡರೆ ಅದು ಇನ್ನೊಂದು ತಪ್ಪು. 1845ರಲ್ಲಿ ಜಾನ್ ಫ್ರಾಂಕ್ಲಿನ್ ಎಂಬ ಬ್ರಿಟಿಷ್ ನಾವಿಕ ಎರೆಬಸ್, ಟೆರರ್ ಎಂಬ ಎರಡು ಹಡಗು ತೆಗೆದುಕೊಂಡು ಕೆನಡಾದ ಉತ್ತರದ ಹಿಮಸಮುದ್ರಕ್ಕೆ ಹೋದ. 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಏನಾಯಿತೆಂದು ಅಲ್ಲಿನ ಇನುಯಿಟ್ ಜನರಿಗೆ ಗೊತ್ತಿತ್ತು. ಹಡಗಿನವರು ಹಸಿವಿನಿಂದ ಸತ್ತರು, ಕೊನೆಗೆ ಸತ್ತವರನ್ನೇ ತಿಂದರು ಅಂತ ಹೇಳಿದರು. ಜಾನ್ ರೇ ಎಂಬಾತ 1854ರಲ್ಲಿ ಈ ಸುದ್ದಿ ತಂದಾಗ ಲಂಡನ್ ಸಿಡಿದೆದ್ದಿತು. ಬ್ರಿಟಿಷ್ ನೌಕಾಪಡೆಯವರು ಹಾಗೆ ಮಾಡುವವರೇ, ಅದೂ ‘ಕಾಡುಜನ’ರ ಮಾತು ಕೇಳಿ ನಂಬುವುದೇ ಅಂತ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಂಥವನೇ ತನ್ನ ಪತ್ರಿಕೆಯಲ್ಲಿ ಬರೆದ. ನೂರಕ್ಕೂ ಹೆಚ್ಚು ವರ್ಷದ ನಂತರ ಸಿಕ್ಕ ಮೂಳೆಗಳ ಮೇಲೆ ಚಾಕುವಿನ ಗೀರುಗಳಿದ್ದವು. 2014ರಲ್ಲಿ ಎರೆಬಸ್ ಸಿಕ್ಕಿತು, ಇನುಯಿಟ್ ಹಿರಿಯರು ತಲೆಮಾರುಗಳಿಂದ ಹೇಳುತ್ತಿದ್ದ ಕಡೆಯಲ್ಲೇ. 2016ರಲ್ಲಿ ಟೆರರ್ ಕೂಡ ಒಬ್ಬ ಇನುಯಿಟ್ ವ್ಯಕ್ತಿ ಕೊಟ್ಟ ಸುಳಿವಿನಿಂದ ಸಿಕ್ಕಿತು. ಇಲ್ಲಿ ಬಾಯಿಮಾತು ನಿಜವಾಗಿತ್ತು, ಪತ್ರಿಕೆಯ ಅಚ್ಚು ಮಿಥ್ಯೆಯನ್ನು ಕಾಪಾಡುತ್ತಿತ್ತು. ಬಾಯಿಮಾತಿನ ಹಿಂದೆ ಕಂಡವರಿದ್ದರು. ಪತ್ರಿಕೆಯ ಮಾತಿನ ಹಿಂದೆ ಬರೀ ಅಭಿಮಾನ ಇತ್ತು.

ಇನ್ನು ಸುಳ್ಳೆಂದು ಗೊತ್ತಾದ ಮೇಲೂ ಮಿಥ್ಯೆ ಯಾಕೆ ಸಾಯುವುದಿಲ್ಲ? ಇದಕ್ಕೆ 1994ರ ಒಂದು ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ ಎಂಬ ಸಂಶೋಧಕಿಯರು ಜನರಿಗೆ ಒಂದು ಗೋದಾಮಿನ ಬೆಂಕಿಯ ವರದಿ ಓದಿಸಿದರು. ಕೋಣೆಯೊಂದರಲ್ಲಿ ಎಣ್ಣೆ ಪೇಂಟೂ ಗ್ಯಾಸ್ ಸಿಲಿಂಡರೂ ಇದ್ದವು ಅಂತ ಮೊದಲು ಬರುತ್ತದೆ. ಆಮೇಲೆ, ಅದು ತಪ್ಪು, ಕೋಣೆ ಖಾಲಿ ಇತ್ತು ಅಂತ ಬರುತ್ತದೆ. ಓದಿದವರಿಗೆ ತಿದ್ದುಪಡಿ ನೆನಪಿತ್ತು. ಆದರೂ ‘ಅಷ್ಟೊಂದು ಹೊಗೆ ಯಾಕೆ ಬಂತು?’ ಅಂತ ಕೇಳಿದರೆ ಪೇಂಟಿನಿಂದ ಅಂದರು. ಕೋಣೆ ಖಾಲಿ ಇತ್ತು ಅನ್ನುವುದರ ಜೊತೆಗೆ, ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಕುರುಹು ಸಿಕ್ಕಿದೆ ಅಂತಲೂ ಹೇಳಿದಾಗ ಮಾತ್ರ ಪೇಂಟಿನ ಪ್ರಭಾವ ಇಳಿಯಿತು. ಅಂದರೆ ಕತೆಯನ್ನು ಕಿತ್ತುಕೊಂಡರೆ ಸಾಲದು. ಅದು ಕೂತಿದ್ದ ಜಾಗ ಖಾಲಿ ಉಳಿದರೆ ಹಳೆಯದೇ ವಾಪಸ್ ಬಂದು ಕೂರುತ್ತದೆ. ಅಲ್ಲಿ ಇನ್ನೊಂದನ್ನು ಇಡಬೇಕು.

ಆದ್ದರಿಂದ ಯಾರಾದರೂ ತಾಜ್‌ನ ಕೈ ಕಡಿದ ಕತೆ ತೆಗೆದರೆ ನಾನು ಈಗ ‘ಅದು ಸುಳ್ಳು’ ಅಂತ ಸುಮ್ನೆ ಹೇಳಿ ನಿಲ್ಲಿಸುವುದಿಲ್ಲ. ಅಮಾನತ್ ಖಾನನ ವಿಷಯ ಹೇಳುತ್ತೇನೆ. ತಾಜ್‌ನ ಬಿಳಿ ಅಮೃತಶಿಲೆಯಲ್ಲಿ ಕಪ್ಪು ಕಲ್ಲು ಕೂರಿಸಿ ಬರೆದ ಕುರಾನಿನ ಸಾಲುಗಳಿವೆಯಲ್ಲ, ಆ ಅಕ್ಷರಗಳು ಅವನದು. ಇರಾನಿನ ಷಿರಾಜ್‌ನಿಂದ ಬಂದವನು. ಒಳಗಿನ ಬರಹದ ಕೊನೆಯಲ್ಲಿ ಅವನು ತನ್ನ ಹೆಸರು ಹಾಕಿದ್ದಾನೆ, ಹಿಜರಿ 1048 (ನಮ್ಮ ಲೆಕ್ಕದಲ್ಲಿ 1638-39) ಅಂತ ವರ್ಷವನ್ನೂ ಹಾಕಿದ್ದಾನೆ. ಚಕ್ರವರ್ತಿಯ ಪ್ರೀತಿಯ ಹೆಂಡತಿಯ ಗೋರಿಯೊಳಗೆ ಒಬ್ಬ ಕೆಲಸಗಾರ ಸಹಿ ಮಾಡಿದ್ದಾನೆ, ಚಕ್ರವರ್ತಿ ಅದನ್ನು ಅಳಿಸಿಲ್ಲ. ಅದಾದ ಮೇಲೆ ಅವನು ಪಂಜಾಬಿನಲ್ಲಿ, ಅಮೃತಸರದ ಹತ್ತಿರ, ದಾರಿಹೋಕರಿಗಾಗಿ ಒಂದು ಛತ್ರ ಕಟ್ಟಿಸಿದ. ಅದು ಇವತ್ತಿಗೂ ಅವನ ಹೆಸರಿನಲ್ಲೇ ನಿಂತಿದೆ. ತಾಜ್‌ನ ಕಲ್ಲುಗಳ ಮೇಲೆ ಹೆಸರು ಗೊತ್ತಿಲ್ಲದ ಕಲ್ಲುಕುಟಿಗರು ಕೆತ್ತಿದ ಗುರುತುಗಳೂ ಇವೆ, ನಕ್ಷತ್ರ, ಸ್ವಸ್ತಿಕ, ಹೀಗೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಕಾಣುತ್ತವೆ.